86 ಡೆಸಿಬೆಲ್ ಸ್ಪೀಕರ್‌ಗೆ ಕೈಗೆಟುಕುವ ಪವರ್ ಆಂಪ್: ಎಷ್ಟು ವಾಟ್ ಸಾಕು?

ಒಂಟಿಕಿವಿ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಬರೀ ಓದಿಕೊಂಡು ಹೋಗುತ್ತಿದ್ದೆ, ಈಗ ಕೇಳದೆ ಗತಿಯಿಲ್ಲ.

ನನ್ನ ಹತ್ತಿರ ಹದಿನಾಲ್ಕು ವರ್ಷದ ಒಂದು ಎವಿ ರಿಸೀವರ್ (ಟಿವಿಗೂ ಹಾಡಿಗೂ ಸ್ಪೀಕರ್ ಓಡಿಸುವ ಪೆಟ್ಟಿಗೆ) ಇದೆ. ಎರಡು ತಿಂಗಳಿಂದ ಎಡಗಡೆ ಸ್ಪೀಕರ್ ಕೈಕೊಡುತ್ತಿದೆ. ಹಾಡು ಶುರುವಾದಾಗ ಆ ಕಡೆ ಸದ್ದೇ ಇರುವುದಿಲ್ಲ, ಇದ್ದರೂ ಗೊರಗೊರ. ವಾಲ್ಯೂಮ್ ಒಂದು ಸಲ ಜೋರಾಗಿ ಏರಿಸಿದರೆ ಠಪ್ಪೆಂದು ಸರಿಹೋಗುತ್ತದೆ. ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಮಾಯ. ಮನೆಯಾಕೆ "ಒಂದು ಕಿವಿಗೆ ರಜೆ ಸಿಕ್ಕಿತಲ್ಲ, ಖುಷಿಪಡಿ" ಅನ್ನುತ್ತಾಳೆ.

ಇದನ್ನು ಬಿಟ್ಟು ಎರಡು ಚಾನೆಲ್‌ನ ಪವರ್ ಆಂಪ್ (ಸಣ್ಣ ಸಿಗ್ನಲನ್ನು ಸ್ಪೀಕರ್ ಓಡಿಸುವಷ್ಟು ದೊಡ್ಡದು ಮಾಡುವ ಪೆಟ್ಟಿಗೆ) ತೆಗೆದುಕೊಳ್ಳೋಣ ಅಂತ ಇದ್ದೇನೆ. ಕಪಾಟಿನ ಮೇಲೆ ಕೂರುವ ಸಣ್ಣ ಸ್ಪೀಕರ್‌ಗಳು, 6 ಓಮ್, ಸೆನ್ಸಿಟಿವಿಟಿ 86 ಡೆಸಿಬೆಲ್ (ಅಂದರೆ 2.83 ವೋಲ್ಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು). ಹಿಂದುಗಡೆ "20ರಿಂದ 120 ವಾಟ್" ಅಂತ ಅಚ್ಚಾಗಿದೆ. ನಾನು ಕೂರುವುದು ಎರಡೂವರೆ ಮೀಟರ್ ದೂರದಲ್ಲಿ. ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ) 2 ವೋಲ್ಟ್ ಕೊಡುತ್ತದೆ, ವಾಲ್ಯೂಮ್ ರಿಮೋಟ್ ಅದರಲ್ಲೇ ಇದೆ.

ಕಣ್ಣಿಗೆ ಬಿದ್ದಿರುವವು ಮೂರು. ಒಂದು, ಅಂಗೈಯಷ್ಟಗಲದ ಕ್ಲಾಸ್ ಡಿ (ಬಹಳ ವೇಗವಾಗಿ ಆನ್-ಆಫ್ ಮಾಡಿ ಸದ್ದು ಕಟ್ಟುವ, ಬಿಸಿ ಕಡಿಮೆಯ ಬಗೆ) ಪೆಟ್ಟಿಗೆ, ಟಿಪಿಎ3255 ಚಿಪ್, ಮೇಲೆ "300+300 ವಾಟ್" ಅಂತ ಬರೆದಿದೆ. ಎರಡು, ಬ್ಯಾಂಡ್‌ನಲ್ಲಿರುವ ಗೆಳೆಯನ ಹತ್ತಿರ ಧೂಳು ತಿನ್ನುತ್ತಿರುವ ಸ್ಟೇಜ್ ಆಂಪ್, 8 ಓಮ್‌ಗೆ 300 ವಾಟ್. ಮೂರು, ಇಪ್ಪತ್ತೈದು ವರ್ಷ ಹಳೆಯ ಕ್ಲಾಸ್ ಎಬಿ (ಹಳೆಯ ಪದ್ಧತಿಯ) ಇಂಟಿಗ್ರೇಟೆಡ್ ಆಂಪ್, ಅಂದರೆ ವಾಲ್ಯೂಮ್ ಗುಂಡಿಯೂ ಪವರ್ ಆಂಪೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು, 8 ಓಮ್‌ಗೆ ಬರೀ 45 ವಾಟ್, ಎತ್ತಿದರೆ ಸೊಂಟ ಹಿಡಿಯುತ್ತದೆ. ಮೂರೂ ಕೈಗೆಟುಕುತ್ತವೆ. 45ಕ್ಕೂ 300ಕ್ಕೂ ಇರುವ ಅಂತರ ನೋಡಿ ತಲೆ ಕೆಟ್ಟಿದೆ.

ಜೋರುಮಾಡು:

ಯೋಚನೆ ಯಾಕೆ, ಸ್ಟೇಜ್ ಆಂಪ್ ಎತ್ತಿಕೊಂಡು ಬನ್ನಿ. ಸ್ಪೀಕರ್ 120 ವಾಟ್ ಅಂದರೆ ಆಂಪ್ ಅದರ ಎರಡರಷ್ಟು ಇರಬೇಕು. 45 ವಾಟ್‌ನದ್ದು ಕ್ಲಿಪ್ ಆಗಿ (ಶಕ್ತಿ ಸಾಲದೆ ಅಲೆಯ ತುದಿ ಕತ್ತರಿಸಿ) ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್) ಸುಡುತ್ತದೆ, ಬರೆದಿಟ್ಟುಕೊಳ್ಳಿ.

ಡೆಸಿಬೆಲ್‌ದಾಸ:

ಲೆಕ್ಕ ಹಾಕದೆ ಎರಡರಷ್ಟು ಅನ್ನಬೇಡಿ ಸ್ವಾಮಿ. 6 ಓಮ್‌ನಲ್ಲಿ 2.83 ವೋಲ್ಟ್ ಅಂದರೆ 1.33 ವಾಟ್. ಅದಕ್ಕೆ 1 ಮೀಟರ್‌ನಲ್ಲಿ 86 ಡೆಸಿಬೆಲ್. ಬಯಲಿನಲ್ಲಾದರೆ ಎರಡೂವರೆ ಮೀಟರ್ ದೂರಕ್ಕೆ 8 ಡೆಸಿಬೆಲ್ ಕಳೆಯಬೇಕು. ಮನೆಯೊಳಗೆ ಗೋಡೆಗಳೂ ಎರಡನೇ ಸ್ಪೀಕರೂ ಸೇರಿ ಅದರಲ್ಲಿ ಅರ್ಧದಷ್ಟು ವಾಪಸ್ ಕೊಡುತ್ತವೆ ಅಂದುಕೊಳ್ಳಿ. ಕೂತ ಜಾಗಕ್ಕೆ ಸುಮಾರು 82. ಹತ್ತರಷ್ಟು, ಅಂದರೆ 13 ವಾಟ್ ಕೊಟ್ಟರೆ 92. ನೂರರಷ್ಟು, 133 ವಾಟ್ ಕೊಟ್ಟರೆ 102. ವಾಟ್ ಎರಡರಷ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. 45 ಮತ್ತು 300 ವಾಟ್‌ಗಳ ನಡುವೆ ನೀವು ಜೀವ ತೇಯುತ್ತಿರುವುದು ಸುಮಾರು 8 ಡೆಸಿಬೆಲ್‌ಗೆ.

ಸಂಗೀತದಲ್ಲಿ ಸರಾಸರಿಗಿಂತ ಶಿಖರಗಳು 10ರಿಂದ 20 ಡೆಸಿಬೆಲ್ ಮೇಲಿರುತ್ತವೆ, ಆ ಜಾಗ ಬಿಟ್ಟುಕೊಳ್ಳಬೇಕು ನಿಜ. ಸರಾಸರಿ 75ರಲ್ಲಿ ಕೇಳುವವರಿಗೆ 45 ವಾಟ್ ಸಾಲುತ್ತದೆ. 85ರಲ್ಲಿ ಕೇಳುವವರಾದರೆ ಆಮೇಲೆ ಮಾತಾಡೋಣ.

ಇನ್ನೊಂದು, ಪೆಟ್ಟಿಗೆಯ ಮೇಲಿನ ವಾಟ್ ಯಾವ ಓಮ್‌ಗೆ, ಎಷ್ಟು ವಿರೂಪಕ್ಕೆ (ಸದ್ದು ಮೂಲದಿಂದ ಎಷ್ಟು ಕೆಡುತ್ತದೆ ಅನ್ನುವ ಲೆಕ್ಕ) ಅಂತ ನೋಡಿ. ಅಮೆರಿಕದಲ್ಲಿ ಈ ಜಾಹೀರಾತು ವಾಟ್‌ಗಳ ಹಾವಳಿ ತಡೆಯಲಿಕ್ಕೆ 1974ರಲ್ಲೇ ನಿಯಮ ಬಂತು. 2024ರಲ್ಲಿ ಅದನ್ನು ಬಿಗಿ ಮಾಡಿ 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ವಿರೂಪ 1%ಗಿಂತ ಕಡಿಮೆ ಅಂತ ಗೆರೆ ಎಳೆದರು.

ಹಳೆರಿಪೇರಿ:

ಒಂಟಿಕಿವಿಯವರೇ, ಆಂಪ್ ಮಾತು ಆಮೇಲೆ. ನಿಮ್ಮ ರಿಸೀವರ್ ಸತ್ತಿಲ್ಲ. ವಾಲ್ಯೂಮ್ ಏರಿಸಿದರೆ ಠಪ್ಪೆಂದು ಬರುತ್ತದೆ, ಇಳಿಸಿದರೆ ಹೋಗುತ್ತದೆ ಅಂದಿರಲ್ಲ, ಅದು ಸ್ಪೀಕರ್ ರಿಲೇಯ (ಆಂಪ್‌ಗೆ ಸ್ಪೀಕರನ್ನು ಜೋಡಿಸುವ ಒಳಗಿನ ಸ್ವಿಚ್) ಸಂಪರ್ಕಬಿಂದು ಕಪ್ಪುಗಟ್ಟಿದಾಗ ಮಾಡುವ ನಾಟಕ. ಸಣ್ಣ ಕರೆಂಟ್‌ಗೆ ಆ ಪೊರೆ ದಾಟಲು ಆಗುವುದಿಲ್ಲ, ಜೋರು ಸದ್ದು ಬಂದಾಗ ಚುಚ್ಚಿಕೊಂಡು ಹೋಗುತ್ತದೆ. ಮೊದಲು ಎಡ ಬಲ ಸ್ಪೀಕರ್ ತಂತಿ ಅದಲುಬದಲು ಮಾಡಿ, ತೊಂದರೆ ಸ್ಪೀಕರ್ ಜೊತೆ ಹೋಗುತ್ತೋ ರಿಸೀವರ್‌ನಲ್ಲೇ ಉಳಿಯುತ್ತೋ ನೋಡಿ. ಆಮೇಲೆ ಹೆಡ್‌ಫೋನ್ ಹಾಕಿ. ಬಹಳ ರಿಸೀವರ್‌ಗಳಲ್ಲಿ ಹೆಡ್‌ಫೋನ್ ಸಾಲು ರಿಲೇಗಿಂತ ಮುಂಚೆಯೇ ಕವಲೊಡೆಯುತ್ತದೆ. ಅಲ್ಲಿ ಎರಡೂ ಕಿವಿ ಸರಿಯಿದ್ದರೆ ರಿಲೇ ಅಂತ ಧೈರ್ಯವಾಗಿ ಹೇಳಬಹುದು. ರಿಪೇರಿ ಮಾಡುವವರಿಗೆ ಹೊಸ ರಿಲೇ ಹಾಕುವುದು ಸಣ್ಣ ಕೆಲಸ. ನೀವು ಮುಚ್ಚಳ ತೆಗೆಯಬೇಡಿ, ಪ್ಲಗ್ ಕಿತ್ತರೂ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಚಾರ್ಜ್ ಹಿಡಿದುಕೊಂಡೇ ಇರುತ್ತವೆ.

ಇನ್ನು ವಾಟ್. ದಾಸರ ಲೆಕ್ಕ ತಪ್ಪೇನಲ್ಲ. ಆದರೆ "ನೀವು 75ರಲ್ಲಿ ಕೇಳುತ್ತೀರಾ 85ರಲ್ಲಾ" ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ನಾನು ಮೂವತ್ತು ವರ್ಷ ಆಂಪ್ ಬಿಚ್ಚಿ ಕೂರಿಸಿದವನು, ನನಗೇ ಗೊತ್ತಿರಲಿಲ್ಲ. ಮಲ್ಟಿಮೀಟರ್ ಹಿಡಿದು ಅಳೆದ ಮೇಲೆ ಗೊತ್ತಾಯಿತು. ನೀವೂ ಅಳೆಯಿರಿ.

ನಿಮಗೆ ಇಷ್ಟವಾದ, ಏರಿಳಿತ ಚೆನ್ನಾಗಿರುವ ಹಾಡು ಹಾಕಿ. ಎಡಗಡೆ ಠಪ್ಪೆಂದು ಬರುವ ತನಕ ಕಾಯಿರಿ. ನೀವು ಜೀವಮಾನದಲ್ಲಿ ಎಷ್ಟು ಜೋರಾಗಿ ಕೇಳಬಹುದೋ ಅಷ್ಟಕ್ಕೆ ವಾಲ್ಯೂಮ್ ಇಟ್ಟು, ಮುಂದೆ ಅದನ್ನು ಮುಟ್ಟಬೇಡಿ. ಹಾಡು ನಿಲ್ಲಿಸಿ ಎರಡೂ ಸ್ಪೀಕರ್ ತಂತಿ ಬಿಚ್ಚಿ. ಈಗ 100 ಹರ್ಟ್ಸ್‌ನ ಸೈನ್ ಸ್ವರ, −12 ಡೆಸಿಬೆಲ್ ಮಟ್ಟದ್ದು, ಹಾಕಿ. ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ, ಸರಿಯಿರುವ ಬಲ ಚಾನೆಲ್‌ನ ಕೆಂಪಿಗೊಂದು ಕಡ್ಡಿ, ಕಪ್ಪಿಗೊಂದು ಕಡ್ಡಿ ಇಡಿ. ಬಂದ ವೋಲ್ಟನ್ನು 4ರಿಂದ ಗುಣಿಸಿ, ಏಕೆಂದರೆ −12 ಅಂದರೆ ಪೂರ್ತಿ ಮಟ್ಟದ ಕಾಲು ಭಾಗ. ಆ ಹಾಡು ನಿಮ್ಮ ಆಂಪ್‌ನಿಂದ ಅದಕ್ಕಿಂತ ಹೆಚ್ಚು ಕೇಳುವುದು ಸಾಧ್ಯವೇ ಇಲ್ಲ. ವೋಲ್ಟನ್ನು ವರ್ಗ ಮಾಡಿ 6ರಿಂದ ಭಾಗಿಸಿದರೆ ವಾಟ್. ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಬಲ ಚಾನೆಲೂ ಹೋದೀತು.

ಜೋರುಮಾಡು ಹೇಳಿದ ಟ್ವೀಟರ್ ವಿಷಯ. ಟ್ವೀಟರ್ ಸುಡುವುದು ಶಾಖದಿಂದ. ಸಣ್ಣ ಆಂಪನ್ನು ಕಿರುಚುವ ತನಕ ತಿರುಗಿಸಿದರೆ ಸರಾಸರಿ ಶಕ್ತಿ ಏರಿ ಸುಡುತ್ತದೆ, ದೊಡ್ಡ ಆಂಪನ್ನು ಅದೇ ಹುಮ್ಮಸ್ಸಿನಲ್ಲಿ ತಿರುಗಿಸಿದರೆ ಇನ್ನೂ ಬೇಗ. ನನ್ನ ಮೇಜಿಗೆ ಬಂದ ಸುಟ್ಟ ಟ್ವೀಟರ್‌ಗಳಲ್ಲಿ ಹೆಚ್ಚಿನವು ಯಾವುದೋ ಸಮಾರಂಭದ ಮರುದಿನ ಬಂದವು.

ಕ್ಲಾಸ್ ಡಿ ಪೆಟ್ಟಿಗೆಯ 300 ವಾಟ್ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಟಿಪಿಎ3255 ಚಿಪ್‌ನ ಡೇಟಾಶೀಟ್‌ನಲ್ಲಿ (ತಯಾರಕರ ವಿವರಪಟ್ಟಿ) 315 ವಾಟ್ ಇದೆ, ಆದರೆ 4 ಓಮ್‌ಗೆ, 10% ವಿರೂಪದಲ್ಲಿ, 50 ವೋಲ್ಟ್‌ಗಿಂತ ಸ್ವಲ್ಪ ಮೇಲಿನ ಸಪ್ಲೈ ಇಟ್ಟುಕೊಂಡು. 1%ಗೆ 260. 8 ಓಮ್‌ಗೆ 150. ಸಣ್ಣ ಪೆಟ್ಟಿಗೆಗಳ ಜೊತೆ ಬರುವ ಅಡಾಪ್ಟರ್ ಬಹಳ ಸಲ 32 ವೋಲ್ಟ್, 5 ಆಂಪಿಯರ್. 160 ವಾಟ್ ತಿನ್ನುವ ಪೆಟ್ಟಿಗೆ 600 ವಾಟ್ ಎಲ್ಲಿಂದ ಕಕ್ಕೀತು? 32 ವೋಲ್ಟ್‌ನಲ್ಲಿ 8 ಓಮ್‌ಗೆ ಹೆಚ್ಚೆಂದರೆ 55 ವಾಟ್ ಆಸುಪಾಸು. ಅದು ಸಾಲದು ಅಂತ ನಾನು ಹೇಳುತ್ತಿಲ್ಲ, ಬಹಳ ಮನೆಗಳಿಗೆ ಅದು ಧಾರಾಳ. ಚಿಪ್ ಒಳ್ಳೆಯದೇ. ಬಿಸಿ ಕಡಿಮೆ, ಜಾಗ ಕಡಿಮೆ. ಆದರೆ ಔಟ್‌ಪುಟ್‌ನ ಕಾಯಿಲ್ ಮತ್ತು ಕೆಪಾಸಿಟರ್ ಫಿಲ್ಟರ್ ಆದ ಮೇಲಿನಿಂದ ಫೀಡ್‌ಬ್ಯಾಕ್ (ಹೊರಬಂದ ಸದ್ದನ್ನು ಹೋಲಿಸಿ ತಿದ್ದಿಕೊಳ್ಳುವ ಸಾಲು) ತೆಗೆದುಕೊಂಡಿರುವ ವಿನ್ಯಾಸವನ್ನೇ ಹುಡುಕಿ. ಇಲ್ಲದಿದ್ದರೆ ಸ್ಪೀಕರ್‌ನ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ತಡೆ) ನೋಡಿಕೊಂಡು ಮೇಲಿನ ಸ್ವರಗಳು ಏರುತ್ತವೆ ಇಲ್ಲವೇ ಬೀಳುತ್ತವೆ.

ಮತ್ತೆ ಇವುಗಳಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ! ಎರಡೂ ತುದಿ ಜೀವಂತ. ಇದನ್ನು ನಾನು ಕಲಿತದ್ದು ಹೀಗೆ: ಎರಡು ಆಂಪ್ ಹೋಲಿಸಿ ಕೇಳೋಣ ಅಂತ ಒಂದು ಸ್ವಿಚ್ ಪೆಟ್ಟಿಗೆ ಕಟ್ಟಿದೆ. ತಂತಿ ಉಳಿಸುವ ಜಾಣತನದಲ್ಲಿ ಕಪ್ಪುಗಳನ್ನೆಲ್ಲ ಒಂದೇ ಗಂಟು ಹಾಕಿದೆ. ಸ್ವಿಚ್ ಒತ್ತಿದೆ. ಟಿಕ್ ಅಂದಿತು, ಹೊಗೆ. ಹಳೇ ರಿಪೇರಿಯವನು, ಶಾಲೆ ಹುಡುಗನ ತಪ್ಪು ಮಾಡಿದ್ದೆ.

ಸ್ಟೇಜ್ ಆಂಪ್ ಗಟ್ಟಿಮುಟ್ಟು, ಅದರಲ್ಲಿ ಅನುಮಾನವಿಲ್ಲ. ಅದರ ಫ್ಯಾನ್ ನಿಮ್ಮ ಎರಡೂವರೆ ಮೀಟರ್‌ಗೆ ಕೇಳುತ್ತದೆ. ಗೇನ್ (ಬಂದ ವೋಲ್ಟನ್ನು ಆಂಪ್ ಎಷ್ಟರಷ್ಟು ಮಾಡುತ್ತದೆ) ಬಗ್ಗೆಯೂ ಯೋಚಿಸಿ. ಅಂಥವಲ್ಲಿ 32 ಡೆಸಿಬೆಲ್ ಇದ್ದರೆ 40ರಷ್ಟು. ಡ್ಯಾಕ್‌ನ 2 ವೋಲ್ಟ್ 80 ಆಗಬೇಕು, ಆಂಪ್‌ನ ಬಳಿ ಅಷ್ಟಿಲ್ಲ. ವಾಲ್ಯೂಮ್‌ನ ಕೆಳಗಿನ ತುಂಡೊಂದರಲ್ಲೇ ಸಂಸಾರ ಮಾಡಬೇಕು, ಜೊತೆಗೆ ಸೊಂಯ್ ಎನ್ನುವ ಹಿಸ್. ಇಂಥದ್ದೇ ಒಂದಕ್ಕೆ ನಾನು ಕಂಪ್ಯೂಟರ್ ನೇರ ಕಟ್ಟಿದ್ದೆ. ಒಂದು ಅಪ್‌ಡೇಟ್ ಆದ ಮೇಲೆ ವಾಲ್ಯೂಮ್ ತಾನಾಗಿ ನೂರಕ್ಕೆ ಹೋಗಿ ಕೂತಿತ್ತು. ಇಮೇಲ್ ಬಂದ ಟಿಣ್ ಸದ್ದಿಗೆ ಮಲಗಿದ್ದ ಮೊಮ್ಮಗು ಎದ್ದು ಕೂತಿತು. ಬರೀ ಪವರ್ ಆಂಪ್ ಕೊಂಡರೂ ಮುಂದುಗಡೆ ಒಂದು ತಿರುಗುಗುಂಡಿ ಇರುವಂಥದ್ದನ್ನು ಕೊಳ್ಳಿ ಅನ್ನುವುದು ಅದಕ್ಕೇ.

ಡ್ಯಾಂಪಿಂಗ್ ಫ್ಯಾಕ್ಟರ್ (ಆಂಪ್ ಸ್ಪೀಕರನ್ನು ಎಷ್ಟು ಬಿಗಿ ಹಿಡಿತದಲ್ಲಿಡುತ್ತದೆ ಅನ್ನುವ ಅಂಕಿ) 500, 1000 ಅಂತ ಯಾರಾದರೂ ಹೇಳಿದರೆ ನಕ್ಕು ಬಿಡಿ, ನಿಮ್ಮ ತಂತಿಯೇ ಅದನ್ನು ತಿಂದುಹಾಕಿರುತ್ತದೆ.

ಒಂಟಿಕಿವಿ:

ಹಳೆರಿಪೇರಿ ಸರ್, ಕಾಲಿಗೆ ಬೀಳಬೇಕು ಅನ್ನಿಸುತ್ತಿದೆ. ಹೆಡ್‌ಫೋನ್‌ನಲ್ಲಿ ಎರಡೂ ಕಿವಿ ಸ್ಪಷ್ಟ. ಸ್ಪೀಕರ್ ಬದಲಿಸಿದರೂ ತೊಂದರೆ ರಿಸೀವರ್‌ನ ಎಡದಲ್ಲೇ ಉಳಿಯಿತು.

ಅಳೆದೆ. ನನ್ನ ಮಟ್ಟಿಗೆ ಬಹಳ ಜೋರು ಅನ್ನಿಸುವಲ್ಲಿ 1.9 ವೋಲ್ಟ್. ನಾಲ್ಕರಿಂದ ಗುಣಿಸಿದರೆ 7.6. ಅಂದರೆ 9.6 ವಾಟ್. ನನಗೆ ನಂಬಿಕೆ ಬರಲಿಲ್ಲ, ಮಗಳನ್ನು ಕರೆದು ಅವಳ ಜೋರು ಎಷ್ಟು ಅಂತ ಕೇಳಿದೆ. 3.1 ವೋಲ್ಟ್ ಬಂತು, ಅಂದರೆ 12.4. ಸುಮಾರು 26 ವಾಟ್. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು, ಪ್ರಯೋಗ ಅಲ್ಲಿಗೆ ಮುಗಿಯಿತು.

ಗೆಳೆಯನ ಸ್ಟೇಜ್ ಆಂಪನ್ನೂ ಒಂದು ರಾತ್ರಿ ತಂದು ಕೇಳಿದೆ. ಅದರ ಗುಂಡಿಗಳನ್ನು ಪೂರ್ತಿ ತೆರೆದಿಟ್ಟರೆ ಡ್ಯಾಕ್‌ನ ವಾಲ್ಯೂಮ್ −20 ದಾಟಿಸಲು ಧೈರ್ಯ ಬರಲಿಲ್ಲ, ರಾತ್ರಿ ಕೇಳುವುದು −40ರಲ್ಲಿ. ಫ್ಯಾನ್ ಸದ್ದು ಒಂಟಿ ಕೊಳಲು ಬಂದಾಗಲೆಲ್ಲ ಪಕ್ಕದಲ್ಲೇ ಕೂತು ಶ್ರುತಿ ಹಿಡಿಯುತ್ತಿತ್ತು. ಬೆಳಗ್ಗೆಯೇ ವಾಪಸ್ ಕೊಟ್ಟೆ.

ಜೋರುಮಾಡು:

26 ವಾಟ್ ಅಂತ ಮೀಟರ್ ಹೇಳಿದರೆ ನಾನೇನು ಹೇಳಲಿ. ನಾಳೆ ದೊಡ್ಡ ಹಾಲ್‌ಗೆ, ದೊಡ್ಡ ಸ್ಪೀಕರ್‌ಗೆ ಹೋದರೆ ನನ್ನ ಮಾತು ನೆನಪಾಗುತ್ತದೆ. (ನನ್ನದನ್ನೂ ಇವತ್ತು ಅಳೆಯುತ್ತೇನೆ. ಎಷ್ಟು ಬಂತು ಅಂತ ಇಲ್ಲಿ ಹೇಳುವುದಿಲ್ಲ.)

ಹಳೆರಿಪೇರಿ:

45 ವಾಟ್ 8 ಓಮ್‌ಗೆ ಅಂದರೆ 19 ವೋಲ್ಟ್. ನಿಮ್ಮ ಮಗಳಿಗೆ ಬೇಕಾದದ್ದು 12.4. ಸಾಕಷ್ಟು ಉಳಿಯುತ್ತದೆ. ರಿಸೀವರ್‌ಗೆ ರಿಲೇ ಹಾಕಿಸಿ ಅದರಲ್ಲೇ ಮುಂದುವರಿದರೂ ನನ್ನ ತಕರಾರಿಲ್ಲ. ಹಳೆಯ ಇಂಟಿಗ್ರೇಟೆಡ್ ಮೇಲೆ ಮನಸ್ಸಾಗಿದ್ದರೆ ದುಡ್ಡು ಕೊಡುವ ಮುಂಚೆ ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ.

ಸ್ಪೀಕರ್ ಕಟ್ಟದೆ, ಹಾಡು ಹಾಕದೆ, ಆನ್ ಮಾಡಿ. ಕೆಲವು ಸೆಕೆಂಡ್ ಆದ ಮೇಲೆ ರಿಲೇ ಟಕ್ ಅನ್ನಬೇಕು. ಆಗ ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಸ್ಪೀಕರ್ ಟರ್ಮಿನಲ್‌ಗಳಲ್ಲಿ ಸೋರುವ ಡಿಸಿಯನ್ನು ಎರಡೂ ಕಡೆ ಅಳೆಯಿರಿ. 50ರ ಒಳಗಿದ್ದರೆ ನೆಮ್ಮದಿ. ನೂರಾರು ಬಂದರೆ, ಅಥವಾ ಮುಳ್ಳು ನಿಲ್ಲದೆ ಓಡಾಡಿದರೆ, ನಮಸ್ಕಾರ ಹೇಳಿ ಬನ್ನಿ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಗರಗರ ಅಂದರೆ ಹೆದರಬೇಡಿ, ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ. ಹಾಡೇ ಇಲ್ಲದಾಗ ಸ್ಪೀಕರ್‌ನಲ್ಲಿ ಗುಂಯ್ ಅಂದರೆ ಸಪ್ಲೈ ಕೆಪಾಸಿಟರ್ ಒಣಗಿರಬಹುದು, ಅದರ ಖರ್ಚನ್ನೂ ಸೇರಿಸಿ ಮಾತಾಡಿ. ಯಾರಾದರೂ ಗುಂಯ್ ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ಕಿತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ, ಅಂಥವರು ಒಳಗೆ ಇನ್ನೇನು ಮಾಡಿದ್ದಾರೋ.

ಒಂಟಿಕಿವಿ:

ರಿಸೀವರ್‌ಗೆ ಹೊಸ ರಿಲೇ ಬಿತ್ತು, ಅದು ಟಿವಿಗೆ ಹೋಯಿತು. ಹಾಡಿಗೆ ಹಳೆಯ ಇಂಟಿಗ್ರೇಟೆಡ್ ತಂದೆ, ಸೊಂಟ ಹಿಡಿದಿದೆ. ಅವರ ಮನೆಯಲ್ಲಿ ಅಳೆದಾಗ ಎಡ 11, ಬಲ 38 ಮಿಲಿವೋಲ್ಟ್ ಇತ್ತು. ಬಲಗಡೆಯದು ಜಾಸ್ತಿ ಅಲ್ಲವಾ ಸರ್? ಇನ್ನೂ ಸ್ಪೀಕರ್ ಕಟ್ಟಿಲ್ಲ.

ಹಳೆರಿಪೇರಿ:

ಪರವಾಗಿಲ್ಲ, ಕಟ್ಟಿ. ತಣ್ಣಗಿದ್ದಾಗ ಅಳೆದಿರುತ್ತೀರಿ. ಅರ್ಧ ಗಂಟೆ ಬಿಸಿಯಾಗಲಿ, ಮತ್ತೆ ಅಳೆದು ಹೇಳಿ.

ಒಂಟಿಕಿವಿ:

14 ಮತ್ತು 22. ಕಟ್ಟಿದೆ. ಎಡಗಡೆ ತಂಬೂರಿ ಇತ್ತು ಅನ್ನುವುದೇ ಮರೆತುಹೋಗಿತ್ತು.