ಅಪ್‌ಡೇಟ್: ಗಂಟು ಬೀಳದೆ ಮಾರೋದು ಹೇಗೆ ಅಂತ ಕೇಳಿದ್ದೆನಲ್ಲ
ಬಾಗಲಕೋಟೆ ನವನಗರದ ಮನೆಯಿಂದಲೇ ಡೈರೆಕ್ಟ್ ಸೆಲ್ಲಿಂಗ್ (ಅಂಗಡಿ ಇಲ್ಲದೆ ನಮ್ಮಂಥವರ ಕೈಯಲ್ಲೇ ನೇರ ಮಾರಾಟ ಮಾಡಿಸುವ) ಕಂಪನಿಯೊಂದರ ಸೋಪು, ನೆಲ ಒರೆಸುವ ಲಿಕ್ವಿಡ್ ಮಾರುತ್ತೇನೆ, ಯಾರಿಗೂ ಕಿರಿಕಿರಿ ಆಗದಂತೆ ಹೇಳೋದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ವಾಟ್ಸಾಪ್‌ನಲ್ಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಅಂದ ಅಕ್ಕಾರ ಮಾತು ಸರಿಯಾಗಿತ್ತು. ಒಂದೇ ಮೆಸೇಜ್ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅದೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಬೇಡ ಅನ್ನುವವರಿಗೆ ಮುಜುಗರ ಇಲ್ಲ. ಬೀಗರ ಗ್ರೂಪಿನಲ್ಲಿ ಈಗ ರೇಟು ಹಾಕೋದೇ ಇಲ್ಲ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಕಾನೂನಿನ ಮಾಹಿತಿ. 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳ ಪ್ರಕಾರ ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳಿಕೊಳ್ಳದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಬರೀ ಜನರನ್ನು ಸೇರಿಸಿ ದುಡ್ಡು ಮಾಡುವ ಪಿರಮಿಡ್ ಸ್ಕೀಮಿಗೂ ಅದರಲ್ಲೇ ನಿಷೇಧ ಇದೆ. ನನ್ನನ್ನು ಈ ಕಂಪನಿಗೆ ಸೇರಿಸಿದ ಮೇಡಂ "ಸುಮ್ನೆ ಬಾಗಿಲು ತಟ್ಟಿ, ನಾಲ್ಕು ಮಂದಿ ಸೇರಿಸಿ" ಅಂದಾಗ ಇದನ್ನೇ ತೋರಿಸಿದೆ. ಆಮೇಲೆ ಅವರ ಫೋನು ಕಡಿಮೆಯಾಗಿದೆ, ಅದೂ ಒಂದು ಲಾಭ ಅಲ್ವಾ!

ಅರಿಶಿನ-ಕುಂಕುಮಕ್ಕೆ ಹೋದಲ್ಲಿ ಮಾರೋದಿಲ್ಲ. ಯಾರಾದರೂ ತಾವಾಗಿ ಕೇಳಿದರೆ ಸಣ್ಣ ಬಾಟಲಿಯಲ್ಲಿ ಒಂದಿಷ್ಟು ಕೊಡುತ್ತೇನೆ. ಬೋರಿನ ಗಡಸು ನೀರಿನ ಬಿಳಿ ಕಲೆ ಹೋಯಿತೋ ಇಲ್ಲವೋ ಅವರೇ ನೋಡಲಿ.

ವ್ಯಾಪಾರ ಸ್ವಲ್ಪ ಏರಿದೆ. ಎದುರುಮನೆ ಕಾಕು ಮತ್ತೆ ಚಹಾಕ್ಕೆ ಕರೆಯುತ್ತಿದ್ದಾರೆ. ಸೋಪು ಮಾತ್ರ ಈಗಲೂ ಕಿರಾಣಿ ಅಂಗಡಿಯಿಂದಲೇ ತರುತ್ತಾರೆ.