ಬೋವಾ ಹಾವಿನ ಹೆರಿಗೆಗೆ ದಿನ ಎಣಿಸುತ್ತಿದ್ದೇನೆ: ಶಾಖ, ಆಹಾರ ಮತ್ತು ಅಪಾಯದ ಲಕ್ಷಣಗಳ ಬಗ್ಗೆ ಸಲಹೆ ಬೇಕು

ತುಂಗಾತೀರ, ಇಂಗ್ಲೆಂಡಿನ ಕಾವೆಂಟ್ರಿಯಿಂದ – ಮೇ 27

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವಳು. ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ಏಳು ವರ್ಷದ ಹೆಣ್ಣು ಬೋವಾ ಹಾವನ್ನು (ಹೆಬ್ಬಾವಿನಂಥ, ವಿಷವಿಲ್ಲದ ವಿದೇಶಿ ಹಾವು) ಜನವರಿಯಲ್ಲಿ ನಮಗೆ ಒಪ್ಪಿಸಿ ಹೋದರು. ಆರೂವರೆ ಅಡಿ ಉದ್ದದ, ಬಹಳ ಸಾಧುವಾದ ಹಾವು. ನಾವು ಅವಳನ್ನು ಗೌರಿ ಎಂದು ಕರೆಯುತ್ತೇವೆ. ಡಿಸೆಂಬರ್ ಕೊನೆಯವರೆಗೂ ಅವಳು ಒಂದು ಗಂಡು ಹಾವಿನ ಜೊತೆಯಲ್ಲಿದ್ದಳು ಎಂಬುದನ್ನು ಅವರು ಹೇಳಿದ್ದು ಮಾತ್ರ ತಡವಾಗಿ, ನಾನೇ ಅನುಮಾನ ಬಂದು ಕೇಳಿದ ಮೇಲೆ.

ಫೆಬ್ರವರಿಯ ಆರಂಭದಲ್ಲಿ ಒಂದು ದಿನ, ಊಟವನ್ನೇ ಮಾಡದಿದ್ದರೂ ದೊಡ್ಡ ಇಲಿಯನ್ನು ನುಂಗಿದವಳಂತೆ ಅವಳ ನಡುಮೈ ಉಬ್ಬಿಕೊಂಡಿತ್ತು. ಮರುದಿನ ಆ ಉಬ್ಬು ಇಳಿದಿತ್ತು. ಫೆಬ್ರವರಿ 20ರಂದು ಪೊರೆ ಬಿಟ್ಟಳು. ಏಪ್ರಿಲ್‌ನಲ್ಲಿ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಕರೆದುಕೊಂಡು ಹೋದಾಗ ಅವರು ಅಲ್ಟ್ರಾಸೌಂಡ್ ಮಾಡಿ ಗರ್ಭ ನಿಂತಿರುವುದನ್ನು ಖಚಿತಪಡಿಸಿದರು. ಪೊರೆ ಬಿಟ್ಟ ದಿನದಿಂದ ಎಣಿಸಿದರೆ ಇಂದಿಗೆ 96 ದಿನಗಳಾದವು.

ಮಾರ್ಚ್‌ನಿಂದ ಅವಳು ಏನನ್ನೂ ತಿಂದಿಲ್ಲ ಎನ್ನುವುದೇ ನನ್ನ ದೊಡ್ಡ ಆತಂಕ. ಕರಗಿಸಿದ ಇಲಿಯನ್ನು ಮುಂದಿಟ್ಟರೆ ಮೂಸಿ ನೋಡಿ ಮುಖ ತಿರುಗಿಸುತ್ತಾಳೆ. ಊರಿನಲ್ಲಿರುವ ಅಮ್ಮ ಫೋನಿನಲ್ಲಿ ದಿನವೂ ‘ಬಸುರಿ ಹಸಿದುಕೊಂಡಿರಬಾರದು, ಏನಾದರೂ ಮಾಡಿ ತಿನ್ನಿಸು’ ಎನ್ನುತ್ತಾರೆ. ಇತ್ತೀಚೆಗೆ ಅವಳು ಮೈಯ ಹಿಂಭಾಗವನ್ನು ತಿರುಚಿ, ಹೊಟ್ಟೆ ಮೇಲೆ ಮಾಡಿ ಮಲಗುವುದನ್ನು ಕಂಡು ಜೀವ ಬಾಯಿಗೆ ಬರುತ್ತದೆ. ಬೆಚ್ಚಗಿರಲಿ ಎಂದು ಇಡೀ ಗೂಡನ್ನು 34 ಡಿಗ್ರಿಗೆ ಏರಿಸಿದ್ದೇನೆ, ಅದು ಸರಿಯೇ? ಬೋವಾ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ ಎಂಬುದನ್ನು ಬಲ್ಲೆ. ಆದರೆ ಆ ಹೊತ್ತಿಗೆ ನಾನು ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಿಳಿಯದು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಅನುಭವಸ್ಥರು ದಯವಿಟ್ಟು ತಿಳಿಸಿ.

ಪೊರೆ, ನೆದರ್ಲ್ಯಾಂಡ್ಸ್‌ನಿಂದ – ಮೇ 27

ಮೊದಲು ಶಾಖದ ವಿಷಯ, ಏಕೆಂದರೆ ಇದನ್ನು ಇಂದೇ ಸರಿಪಡಿಸಬೇಕು. ಇಡೀ ಗೂಡು 34 ಡಿಗ್ರಿಯಲ್ಲಿದ್ದರೆ ಆ ತಾಯಿಗೆ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಅತಿಯಾದ ಶಾಖದಿಂದ ಮರಿಗಳು ಅಂಗವಿಕಲವಾಗಬಹುದು, ಒಳಗೇ ಸಾಯಬಹುದು; ಶಾಖ ಕಡಿಮೆಯಾದರೆ ಹೆರಿಗೆ ಹಲವು ದಿನ ಮುಂದೆ ಹೋಗುತ್ತದೆ. ಒಂದು ತುದಿಯ ನೆಲ 31ರಿಂದ 32 ಡಿಗ್ರಿ, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರುವಂತೆ ಮಾಡಿ, ಎರಡೂ ಕಡೆ ಅಡಗಿ ಕೂರಲು ಒಂದೊಂದು ಪೆಟ್ಟಿಗೆಯಿಟ್ಟು, ಎಲ್ಲಿರಬೇಕೆಂಬ ಆಯ್ಕೆಯನ್ನು ಅವಳಿಗೇ ಬಿಡಿ. ಥರ್ಮೋಸ್ಟ್ಯಾಟ್ ತೋರಿಸುವ ಅಂಕಿಯನ್ನಷ್ಟೇ ನಂಬಬೇಡಿ; ಅದರ ತಂತಿಯ ತುದಿ ಇರುವ ಜಾಗದ ಶಾಖವೇ ಬೇರೆ, ಹಾವು ಮಲಗುವ ಜಾಗದ ಶಾಖವೇ ಬೇರೆ ಇರಬಹುದು. ಮಲಗುವ ಜಾಗದಲ್ಲೇ ಅಳೆದು ನೋಡಿ. ಹೀಟರ್‌ಗೆ ತಂತಿಬಲೆಯ ರಕ್ಷಣೆ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ, ಏಕೆಂದರೆ ಗರ್ಭಿಣಿ ಹಾವು ಶಾಖದ ಆಸೆಗೆ ಅದಕ್ಕೇ ಸುತ್ತಿಕೊಂಡು ಸುಟ್ಟುಕೊಳ್ಳುವುದುಂಟು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಊರಿನ ಹೆಬ್ಬಾವು ಮೊಟ್ಟೆಯಿಟ್ಟು, ಅವುಗಳ ಮೇಲೆ ಸಿಂಬೆ ಸುತ್ತಿಕೊಂಡು, ಮೈಯ ಸ್ನಾಯುಗಳನ್ನು ಅದುರಿಸಿ ತಾನೇ ಕಾವು ಹುಟ್ಟಿಸುತ್ತದೆ. ಬೋವಾ ಅದೇ ಕೆಲಸವನ್ನು ಮರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾಡುತ್ತದೆ: ಬೇಕಾದಾಗ ಬಿಸಿಗೆ ಮೈಯೊಡ್ಡುತ್ತದೆ, ಸಾಕಾದಾಗ ತಂಪಿಗೆ ಸರಿಯುತ್ತದೆ. ನೀವು ಗಾಬರಿಪಟ್ಟ ಆ ಮಗ್ಗುಲು ತಿರುಚಿದ ಭಂಗಿ ಇದರದೇ ಒಂದು ಭಾಗ. ಮರಿಗಳಿರುವ ಭಾಗಕ್ಕೆ ನೇರವಾಗಿ ಶಾಖ ತಗುಲಲಿ ಎಂದು ಅವಳು ಹಾಗೆ ಮಲಗುತ್ತಿದ್ದಾಳೆ. ತಲೆಯನ್ನು ಎತ್ತಲಾರದೆ ಬಾಯಿ ತೆರೆದು ಉಸಿರಾಡುತ್ತಿದ್ದರೆ ಮಾತ್ರ ಅದು ಬೇರೆ ಮಾತು.

ಊಟ ಬಿಟ್ಟಿರುವುದು ಸಹಜ. ಮರಿಗಳಿಗೆ ಬೇಕಾದ ಪೋಷಣೆಯ ಬಹುಪಾಲು ಗರ್ಭ ನಿಲ್ಲುವ ಮೊದಲೇ ಮೊಟ್ಟೆಯ ಹಳದಿ ಭಾಗದ ರೂಪದಲ್ಲಿ ಶೇಖರವಾಗಿರುತ್ತದೆ. ಅವು ತಾಯಿಯಿಂದ ಮುಖ್ಯವಾಗಿ ನೀರನ್ನೂ ಆಮ್ಲಜನಕವನ್ನೂ ಪಡೆಯುತ್ತವೆ. ನಿಮ್ಮ ಅಮ್ಮನ ಮಾತು ಮನುಷ್ಯರಿಗೆ ಖಂಡಿತ ಸಲ್ಲುತ್ತದೆ, ಆದರೆ ಹೊಟ್ಟೆ ತುಂಬ ಮರಿಗಳಿರುವ ಹಾವಿಗೆ ದೊಡ್ಡ ಇಲಿಯನ್ನು ಒತ್ತಾಯದಿಂದ ತಿನ್ನಿಸಿದರೆ ಜಾಗ ಸಾಲದೆ ಅದು ಕಕ್ಕುತ್ತದೆ, ಬಳಲುತ್ತದೆ. ಈ ಹಂತದಲ್ಲಿ ಆಹಾರವನ್ನೇ ಮುಂದಿಡಬೇಡಿ; ಶುದ್ಧ ನೀರು ಮಾತ್ರ ಸದಾ ಇರಲಿ.

ಪೊರೆ ಬಿಟ್ಟ ನಂತರ ಸಾಮಾನ್ಯವಾಗಿ 105 ದಿನಗಳ ಆಚೀಚೆ, ಹೆಚ್ಚಾಗಿ 100ರಿಂದ 120 ದಿನಗಳ ನಡುವೆ, ಮರಿಯಾಗುತ್ತದೆ. ನಿಮ್ಮ ಲೆಕ್ಕದಲ್ಲಿ 105ನೆಯ ದಿನವೆಂದರೆ ಜೂನ್ 5. ಅಲ್ಲಿಯವರೆಗೆ ಅವಳನ್ನು ಕೈಗೆತ್ತಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿ. ತೊಗಟೆಯ ಚೂರುಗಳ ಹಾಸು ಇದ್ದರೆ ತೆಗೆದು ಕಾಗದ ಹಾಸಿ, ಏಕೆಂದರೆ ಹಸಿ ಹೊಕ್ಕುಳಿಗೆ ಚೂರುಗಳು ಅಂಟಿಕೊಳ್ಳುತ್ತವೆ. ದೊಡ್ಡ ನೀರಿನ ತೊಟ್ಟಿಯ ಬದಲು ಆಳವಿಲ್ಲದ ಭಾರವಾದ ಬಟ್ಟಲಿಡಿ. ತೆಳುಪೊರೆಯಿಂದ ಇನ್ನೂ ಹೊರಬರದ ಮರಿ ಆಳವಾದ ನೀರಿಗೆ ಬಿದ್ದರೆ ಮುಳುಗಿಹೋಗುತ್ತದೆ. ಜಾರುವ ಗಾಜುಗಳ ನಡುವಿನ ಸಂದನ್ನೂ ಗಾಳಿಕಿಂಡಿಗಳನ್ನೂ ಈಗಲೇ ನೋಡಿಕೊಳ್ಳಿ. ಮರಿಗಳು ಒಂದೂವರೆ ಅಡಿಯ ಆಸುಪಾಸಿನಲ್ಲಿದ್ದರೂ ಬೆರಳಿನಷ್ಟೇ ದಪ್ಪ. ತಾಯಿ ಎಂದೂ ನುಸುಳಲಾಗದ ಸಂದಿನಿಂದ ಅವು ಸಲೀಸಾಗಿ ಹೊರಗೆ ಬರುತ್ತವೆ.

ಬಿಳಿಗಿರಿ, ಅಮೆರಿಕದಿಂದ – ಮೇ 28

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಅಪಾಯದ ಲಕ್ಷಣಗಳನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅವುಗಳನ್ನು ತಿಳಿಯದೆ ನಾನು ಒಂದು ಹಾವನ್ನು ಕಳೆದುಕೊಂಡಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಬೋವಾ ಹನ್ನೊಂದು ಮರಿ ಹಾಕಿದ ಮೇಲೆ ಸುಮ್ಮನಾಯಿತು. ಹಿಂಭಾಗದಲ್ಲಿ ಇನ್ನೂ ಎರಡು ಗಂಟುಗಳು ಕಾಣುತ್ತಿದ್ದವು. ದಣಿದಿರಬೇಕು, ವಿಶ್ರಾಂತಿ ಪಡೆಯಲಿ ಎಂದು ಎರಡು ದಿನ ಕಾದೆ. ಮೂರನೆಯ ದಿನ, ಹಸುವಿನ ಹೆರಿಗೆಯನ್ನು ಊರಿನಲ್ಲಿ ನೋಡಿದ್ದ ಧೈರ್ಯದಿಂದ, ಗಂಟನ್ನು ಬೆರಳುಗಳಿಂದ ಮೆಲ್ಲನೆ ಕೆಳಕ್ಕೆ ಒತ್ತಿದೆ. ಗಂಟು ಬರಲಿಲ್ಲ, ಒಳಗಿನ ಅಂಗವೇ ಹೊರಗೆ ಬಂತು. ವೈದ್ಯರಲ್ಲಿಗೆ ತಲುಪುವಷ್ಟರಲ್ಲಿ ಬಹಳ ತಡವಾಗಿತ್ತು. ಹಾವಿನ ಗರ್ಭನಾಳ ಬಹಳ ಉದ್ದವಾದದ್ದು, ತೆಳುವಾದದ್ದು. ಸಿಕ್ಕಿಕೊಂಡದ್ದನ್ನು ಹೊರಗಿನಿಂದ ಒತ್ತಿದರೆ ಅದು ಒಳಗೇ ಹರಿಯಬಹುದು. ಆದ್ದರಿಂದ ದಯವಿಟ್ಟು ಯಾವ ಕಾರಣಕ್ಕೂ ಹೊಟ್ಟೆಯನ್ನು ಒತ್ತಬೇಡಿ, ನೀವಬೇಡಿ, ಅರ್ಧ ಹೊರಬಂದದ್ದನ್ನು ಎಳೆಯಬೇಡಿ.

ಹೆರಿಗೆ ಆರಂಭವಾದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಗಂಟೆಗಟ್ಟಲೆ ಮುಕ್ಕರಿಸುತ್ತಿದ್ದರೂ ಏನೂ ಬಾರದಿರುವುದು, ನಡುವೆ ನಿಂತುಹೋಗಿ ಮರುದಿನವೂ ಗಂಟುಗಳು ಹಾಗೇ ಉಳಿದಿರುವುದು, ಮಲದ್ವಾರದಲ್ಲಿ ಕೆಂಪು ಮಾಂಸ ಕಾಣಿಸುವುದು, ದುರ್ವಾಸನೆಯ ದ್ರವ ಸೋರುವುದು, ಹಾವು ಸೋತು ತಲೆಯೆತ್ತದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮಾಂಸ ಹೊರಗೆ ಬಂದಿದ್ದರೆ ಒಣಗದಂತೆ ಒದ್ದೆ ಬಟ್ಟೆ ಮುಚ್ಚಿ ಹೊರಡಿ. ಏಪ್ರಿಲ್‌ನಲ್ಲಿ ನೋಡಿದ ವೈದ್ಯರಿಗೆ ಇಂದೇ ಫೋನ್ ಮಾಡಿ, ರಾತ್ರಿ ಅಥವಾ ವಾರಾಂತ್ಯದಲ್ಲಿ ಹೆರಿಗೆ ಕಷ್ಟವಾದರೆ ಹಾವು ನೋಡುವವರು ಯಾರು ಸಿಗುತ್ತಾರೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಪ್ರಾಣಿ ವೈದ್ಯರೆಲ್ಲರೂ ಹಾವನ್ನು ನೋಡುವುದಿಲ್ಲ. ನಡುರಾತ್ರಿಯಲ್ಲಿ ಹುಡುಕಲು ಹೊರಟರೆ ಕಳೆದುಹೋಗುವುದು ಅವಳ ಸಮಯ.

ಪಶ್ಚಿಮಘಟ್ಟ, ಪುತ್ತೂರಿನಿಂದ – ಮೇ 28

ನಾನು ನಿವೃತ್ತ ಪಶುವೈದ್ಯ, ಬೋವಾ ಸಾಕಿದವನಲ್ಲ. ಆದರೆ ಮರಿ ಹಾಕುವ ಹಾವುಗಳು ನಮ್ಮಲ್ಲಿಯೂ ಇವೆ. ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮರಿ ಹಾಕುತ್ತದೆ. ಎರಡು ತಲೆಯ ಹಾವೆಂದು ಕರೆಯಿಸಿಕೊಂಡು ಕಳ್ಳಸಾಗಣೆಗೆ ಬಲಿಯಾಗುತ್ತಿರುವ ಮಣ್ಣುಮುಕ್ಕವೂ ಹಾಗೆಯೇ, ಮರಿಯನ್ನೇ ಹಾಕುತ್ತದೆ. ಈ ಚರ್ಚೆಯನ್ನು ಕರ್ನಾಟಕದಲ್ಲಿ ಓದುವ ಕಿರಿಯರಿಗಾಗಿ ಒಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಇಂಥ ಹಾವುಗಳನ್ನು ಹಿಡಿದು ಸಾಕುವುದು ಅಪರಾಧ, ಗರ್ಭಿಣಿ ಹಾವೊಂದು ಮನೆಯಂಗಳಕ್ಕೆ ಬಂದರೂ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿ. ಬೋವಾದಂಥ ವಿದೇಶಿ ಹಾವನ್ನು ಭಾರತದಲ್ಲಿ ಇಟ್ಟುಕೊಂಡವರು, 2022ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ, ಅದನ್ನು ನೋಂದಾಯಿಸಬೇಕಷ್ಟೇ ಅಲ್ಲ, ಅದಕ್ಕೆ ಮರಿಯಾದರೆ ಅದನ್ನೂ ವರದಿ ಮಾಡಬೇಕು.

ಪ್ರಶ್ನೆ ಕೇಳಿದ ತಾಯಿಗೆ: ನಿಮ್ಮ ಮಗಳಿಗೆ ನಾಲ್ಕು ವರ್ಷ ಎಂದಿದ್ದೀರಿ. ಆರೋಗ್ಯವಾಗಿ ಕಾಣುವ ಹಾವಿನ ಮಲದಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಹೆರಿಗೆಯ ದ್ರವ ಚೆಲ್ಲಾಡುವ ಆ ದಿನಗಳಲ್ಲಿ ಮಗುವನ್ನು ಆ ಕೋಣೆಗೇ ಬಿಡಬೇಡಿ. 5 ವರ್ಷದೊಳಗಿನ ಮಕ್ಕಳಿಗೆ ಈ ಸೋಂಕು ತೀವ್ರವಾಗಬಹುದು. ಹಾವಿನ ಬಟ್ಟಲು, ಡಬ್ಬಿಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ.

ತುಂಗಾತೀರ – ಮೇ 29

ಮೂವರಿಗೂ ಕೃತಜ್ಞತೆಗಳು. ಮಲಗುವ ಜಾಗದಲ್ಲಿ ಅಳೆದು ನೋಡಿದರೆ 36 ಡಿಗ್ರಿ ಇತ್ತು. ಅದನ್ನು ಕಂಡಾಗ ಆದ ಸಂಕಟವನ್ನು ಹೇಳಲಾರೆ. ಈಗ 31.5ಕ್ಕೆ ಇಳಿಸಿದ್ದೇನೆ, ಮೂರು ದಿನಗಳಿಂದ ನೀರಿನ ತೊಟ್ಟಿಯ ಪಕ್ಕವೇ ಇದ್ದವಳು ಸಂಜೆಯ ಹೊತ್ತಿಗೆ ತಾನಾಗಿ ಬಿಸಿಯ ಕಡೆಗೆ ಹೋಗಿ ಮಲಗಿದಳು. ಮರಿಗಳು ಹುಟ್ಟಿದ ಮೇಲೆ ತಾಯಿಯ ಜೊತೆಯಲ್ಲೇ ಬಿಡಬೇಕೇ?

ಪೊರೆ – ಮೇ 29

ಬಿಡಬಾರದು. ಬೋವಾ ತಾಯಿ ಮರಿಗಳನ್ನು ಪೋಷಿಸುವುದಿಲ್ಲ. ಹೆರಿಗೆ ಪೂರ್ತಿ ಮುಗಿದು ಅವಳು ಶಾಂತಳಾದ ಮೇಲೆ ಮೊದಲು ಅವಳನ್ನು ಬೇರೆ ಪೆಟ್ಟಿಗೆಗೆ ಸಾಗಿಸಿ, ಆಮೇಲೆ ಮರಿಗಳನ್ನು ತೆಗೆಯಿರಿ. ಮರಿಗಳ ಜೊತೆ ಹಳದಿ ಗಡ್ಡೆಗಳಂತೆ ಬೀಳುವುದು ಫಲಿಸದ ಮೊಟ್ಟೆಗಳು. ಅವು ಕೆಲವಿದ್ದರೆ ಗಾಬರಿ ಬೇಡ. ತಾಯಿ ಅವುಗಳನ್ನು ನುಂಗುವುದುಂಟು, ಸತ್ತ ಮರಿಗಳನ್ನೂ ನುಂಗಬಹುದು.

ಮರಿಗಳು ತೆಳುಪೊರೆಯೊಳಗೆ ಹುಟ್ಟಿ ಸ್ವತಃ ಅದನ್ನು ಹರಿದುಕೊಂಡು ಬರುತ್ತವೆ. ಬಹಳ ಹೊತ್ತಾದರೂ ಹೊರಬಾರದೆ ಒಳಗೆ ಅಲುಗಾಡುತ್ತಿರುವ ಮರಿಯಿದ್ದರೆ, ಮೂತಿಯ ಬಳಿ ಮಾತ್ರ ಪೊರೆಯನ್ನು ಬೆರಳಿನಿಂದ ಬಿಡಿಸಿ, ಉಳಿದದ್ದನ್ನು ಅದಕ್ಕೇ ಬಿಡಿ. ಹೊಕ್ಕುಳಿಗೆ ಹಳದಿಯ ಚೀಲ ಇನ್ನೂ ಅಂಟಿಕೊಂಡಿದ್ದರೆ ಕತ್ತರಿಸಬೇಡಿ, ಎಳೆಯಬೇಡಿ. ಆ ಮರಿಯನ್ನು ಒದ್ದೆ ಟಿಶ್ಯೂ ಕಾಗದದ ಮೇಲೆ ಒಂಟಿಯಾಗಿಡಿ, ಒಣಗಿ ತಾನಾಗಿ ಉದುರುತ್ತದೆ. ಒಂದೊಂದು ಮರಿಗೂ ಒಂದೊಂದು ಡಬ್ಬಿ, ಗಾಳಿಯಾಡಲು ಸಣ್ಣ ರಂಧ್ರಗಳು, ಚಿಕ್ಕ ನೀರಿನ ಬಟ್ಟಲು ಇರಲಿ. ಒಂದೆರಡು ವಾರಗಳಲ್ಲಿ ಮೊದಲ ಪೊರೆ ಬಿಡುತ್ತವೆ. ಅದಾದ ಮೇಲೆಯೇ ಕೂದಲು ಬಂದ ಸಣ್ಣ ಇಲಿಮರಿಯನ್ನು ಕರಗಿಸಿ ಬೆಚ್ಚಗೆ ಮಾಡಿ ಕೊಡಿ.

ಮೂವತ್ತು ಮರಿಗಳಾದರೆ ಎಲ್ಲಿ ಕಳಿಸುತ್ತೀರಿ ಎಂಬುದನ್ನು ಈಗಲೇ ಯೋಚಿಸಿ. ಬೋವಾ ಇಪ್ಪತ್ತರಿಂದ ಮೂವತ್ತು ವರ್ಷ ಬಾಳುವ ಪ್ರಾಣಿ. ಯಾರೋ ಕೇಳಿದರೆಂದು ಕೊಟ್ಟುಬಿಡುವಂಥದ್ದಲ್ಲ. ಇಂಗ್ಲೆಂಡಿನಲ್ಲಿ ಪ್ರಾಣಿಗಳ ಮಾರಾಟವನ್ನು ವ್ಯಾಪಾರವಾಗಿ ಮಾಡಲು 2018ರ ನಿಯಮಗಳಂತೆ ಪರವಾನಗಿ ಬೇಕು, ಆದ್ದರಿಂದ ನಿಮ್ಮ ಸ್ಥಳೀಯ ಕೌನ್ಸಿಲ್ ಅನ್ನು ಮೊದಲೇ ಕೇಳಿಕೊಳ್ಳಿ. ಮರಿಗಳಲ್ಲಿ ಗಂಡು, ಹೆಣ್ಣುಗಳನ್ನು ವೈದ್ಯರಿಂದಲೇ ಗುರುತಿಸಿ ಕೊಡಿ. ನಿಮ್ಮ ದೇಶದ ಪೋರ್ಟ್ಸ್‌ಮತ್‌ನ ಕಾಲೇಜೊಂದರಲ್ಲಿ, ಗಂಡೆಂದೇ ತಿಳಿದು ರೊನಾಲ್ಡೊ ಎಂದು ಹೆಸರಿಟ್ಟಿದ್ದ, ವರ್ಷಗಟ್ಟಲೆ ಒಂಟಿಯಾಗಿದ್ದ ಬ್ರೆಜಿಲಿನ ಮಳೆಬಿಲ್ಲು ಬೋವಾ 2024ರಲ್ಲಿ 14 ಮರಿ ಹಾಕಿತು. ಗಂಡಿನ ಸಂಪರ್ಕವಿಲ್ಲದೆಯೂ ಈ ಕುಲದಲ್ಲಿ ಅಪರೂಪಕ್ಕೆ ಹೀಗಾಗುತ್ತದೆ.

ತುಂಗಾತೀರ – ಜೂನ್ 10

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 105ನೆಯ ದಿನ ಏನೂ ಆಗದೆ ಕಳೆಯಿತು. 107ನೆಯ ದಿನ ಇಡೀ ಸಂಜೆ ಅವಳು ನಿಂತಲ್ಲಿ ನಿಲ್ಲದೆ ಗೂಡಿನ ಉದ್ದಗಲಕ್ಕೆ ಓಡಾಡಿದಳು. ಗಾಜಿಗೆ ಬಟ್ಟೆ ಇಳಿಬಿಟ್ಟು, ದೀಪ ಆರಿಸಿ ಹೊರಗೆ ಬಂದೆವು. ಜೂನ್ 8ರ ಬೆಳಗಿನ ಜಾವ ಐದಕ್ಕೆ ಇಣುಕಿದಾಗ ಕಾಗದದ ಮೇಲೆಲ್ಲ ಮರಿಗಳಿದ್ದವು. ಏಳು ಗಂಟೆಯ ಹೊತ್ತಿಗೆ ಕೊನೆಯದು ಬಂತು. ಒಟ್ಟು ಹತ್ತೊಂಬತ್ತು ಜೀವಂತ ಮರಿಗಳು, ಎರಡು ಸತ್ತವು, ಐದು ಫಲಿಸದ ಮೊಟ್ಟೆಗಳು. ಸತ್ತ ಎರಡರಲ್ಲಿ ಒಂದರ ಬೆನ್ನು ಸೊಟ್ಟಗಿತ್ತು. ನಾನು ಕೊಟ್ಟ ಆ ಶಾಖದಿಂದಲೇ ಹಾಗಾಯಿತೇ ಎಂದು ವೈದ್ಯರನ್ನು ಕೇಳಿದೆ. ಹಾಗೆಂದು ಖಚಿತವಾಗಿ ಹೇಳಲಾಗದು, ಹಾಗಲ್ಲವೆಂದೂ ಹೇಳಲಾಗದು ಎಂದರು.

ಒಂದು ಮರಿಗೆ ಹಳದಿಯ ಚೀಲ ಅಂಟಿಕೊಂಡೇ ಇತ್ತು. ಅದನ್ನು ಒದ್ದೆ ಕಾಗದದ ಮೇಲೆ ಬೇರೆಯಾಗಿಟ್ಟಿದ್ದೆ. ಇಂದು ಬೆಳಿಗ್ಗೆ ಚೀಲ ಉದುರಿದೆ, ಮರಿ ಚುರುಕಾಗಿದೆ. ಗೌರಿಯನ್ನು ವೈದ್ಯರು ನಿನ್ನೆ ಪರೀಕ್ಷಿಸಿ ಒಳಗೆ ಏನೂ ಉಳಿದಿಲ್ಲ ಎಂದರು. ಫೆಬ್ರವರಿಯಲ್ಲಿ 6.1 ಕಿಲೋ ಇದ್ದವಳು ಈಗ 4.3 ಕಿಲೋ. ಚರ್ಮ ಸಡಿಲವಾಗಿ ಮಡಿಕೆ ಬಿದ್ದಿದೆ. ಒಂದು ವಾರ ಬಿಟ್ಟು ಸಣ್ಣ ಇಲಿಯಿಂದ ಆರಂಭಿಸಿ, ನಿಧಾನವಾಗಿ ಹೆಚ್ಚಿಸಲು ಹೇಳಿದ್ದಾರೆ. ಮುಂದೆ ಅವಳನ್ನು ಗಂಡಿನ ಜೊತೆ ಬಿಡುವ ಯೋಚನೆ ನಮಗಿಲ್ಲ. ಅಮ್ಮ ಮಾತ್ರ ‘ಬಾಣಂತಿಯನ್ನು ಬೆಚ್ಚಗಿಡು’ ಎಂದು ಮತ್ತೆ ಹೇಳಿದ್ದಾರೆ. 31.5 ಡಿಗ್ರಿ ಇದೆ ಎಂದು ತಿಳಿಸಿದ್ದೇನೆ.