ಖಾಲಿ ಬಲೆಯ ವಿಡಿಯೊ: ನಮ್ಮ ಬ್ಯಾಚ್ ಗುಂಪಿನಲ್ಲಿ ನಡೆದ ವಾದ

ಗಿರೀಶ: (ಫಾರ್ವರ್ಡ್ ವಿಡಿಯೊ) "ಉಷ್ಣವಲಯದ ದ್ವೀಪಗಳ ಕಹಿ ಸತ್ಯ! ನೀಲಿ ನೀರು ಅಂದರೆ ಸತ್ತ ನೀರು. ನೀರಲ್ಲಿ ತೇಲುವ ಪುಟ್ಟ ಜೀವಿಗಳನ್ನು, ಅಂದರೆ ಪ್ಲಾಂಕ್ಟನ್ ಹಿಡಿಯುವ ಬಲೆ ಎಳೆದೆವು, ಒಳಗೆ ಏನೂ ಇಲ್ಲ!!"

ಗಿರೀಶ: ಎಲ್ಲರೂ ಪೂರ್ತಿ ನೋಡಿ. ಎರಡೇ ನಿಮಿಷ.

ಶೋಭಾ: ನೋಡಿದೆ. ಮಟಮಟ ಮಧ್ಯಾಹ್ನ ಬಲೆ ಎಳೆದಿದ್ದಾನೆ.

ಗಿರೀಶ: ಆದರೇನು? ನೀರು ಅದೇ ಅಲ್ವಾ?

ಶೋಭಾ: ನೀರು ಅದೇ, ಒಳಗಿರುವವು ಬೇರೆ. ಸೀಗಡಿಯ ಪುಟ್ಟ ಸಂಬಂಧಿಗಳಾದ ಕೋಪಿಪಾಡ್‌ಗಳಂಥ ಪ್ರಾಣಿ ಪ್ಲಾಂಕ್ಟನ್‌ಗಳಲ್ಲಿ ಬಹಳಷ್ಟು ಹಗಲಲ್ಲಿ ಮೀನಿನ ಕಣ್ಣಿಗೆ ಬೀಳದಂತೆ ಆಳಕ್ಕೆ ಇಳಿದಿರುತ್ತವೆ. ಹವಳದ ದಿಬ್ಬದಲ್ಲಾದರೆ ಮರಳಲ್ಲಿ, ಸಂದಿಗಳಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೇ ಹೊರಗೆ ಬರುವುದು. ಹವಳಗಳೂ ಹೆಚ್ಚಾಗಿ ರಾತ್ರಿಯೇ ಎಳೆಗಳನ್ನು ಚಾಚಿ ಅವನ್ನು ಹಿಡಿದು ತಿನ್ನುತ್ತವೆ.

ರಫೀಕ್: ಬಲೆಯ ಕಣ್ಣು ಎಷ್ಟು ಅಂತಲೂ ಹೇಳಿಲ್ಲ. ಸಾಮಾನ್ಯವಾಗಿ ಪ್ರಾಣಿ ಪ್ಲಾಂಕ್ಟನ್‌ಗೆ 200 ಮೈಕ್ರಾನ್ (0.2 ಮಿಲಿಮೀಟರ್) ಕಣ್ಣಿನ ಬಲೆ ಬಳಸುತ್ತಾರೆ. ಬೆಚ್ಚಗಿನ ನೀಲಿ ನೀರಲ್ಲಿ ಜಾಸ್ತಿ ಇರುವ ಬ್ಯಾಕ್ಟೀರಿಯಾ ಪ್ರೊಕ್ಲೊರೊಕಾಕಸ್‌ನ ಗಾತ್ರ ಸುಮಾರು 0.6 ಮೈಕ್ರಾನ್. ಕ್ರಿಕೆಟ್ ನೆಟ್ ಹಿಡಿದು ಸೊಳ್ಳೆ ಹಿಡಿಯಲು ಹೊರಟಂತಾಯಿತು. ಒಂದು ಮಿಲಿಲೀಟರ್ ನೀರಲ್ಲಿ ಅದು ಲಕ್ಷದಷ್ಟು ಇರಬಹುದು. ಸ್ಯಾಲಿ ಚಿಸಮ್ ಮತ್ತು ಜೊತೆಗಾರರು ಒಂದೊಂದೇ ಕೋಶವನ್ನು ಬೆಳಕಿನಿಂದ ಎಣಿಸುವ ಫ್ಲೋ ಸೈಟೋಮೀಟರ್ ಅನ್ನು ಹಡಗಿಗೆ ಹತ್ತಿಸುವವರೆಗೆ ಅದು ಏನೆಂದು ಯಾರೂ ಸರಿಯಾಗಿ ಗುರುತಿಸಿರಲಿಲ್ಲ. ಅವರ ವರದಿ ಬಂದಿದ್ದೇ 1988ರಲ್ಲಿ.

ಗಿರೀಶ: ಬ್ಯಾಕ್ಟೀರಿಯಾ ಲೆಕ್ಕಕ್ಕೆ ತೆಗೆದುಕೊಂಡರೆ ಚರಂಡಿಯೂ ಶ್ರೀಮಂತವೇ. ನಾನು ಹೇಳುತ್ತಿರುವುದು ಆಹಾರದ ಬಗ್ಗೆ. ಆ ನೀರಲ್ಲಿ ನೈಟ್ರೇಟ್ ಇಲ್ಲ, ಫಾಸ್ಫೇಟ್ ಇಲ್ಲ. ಇದಾದರೂ ನಿಜ ತಾನೇ?

ಮಂಜುಳಾ: ಅದು ಬಹುತೇಕ ನಿಜ. ಇಲ್ಲಿ ಗಿರಿಯನ್ನು ಸುಮ್ನೆ ಬೈಯಬೇಡಿ. ಮೇಲಿನ ಬೆಚ್ಚಗಿನ ನೀರು ಹಗುರ, ಕೆಳಗಿನ ತಣ್ಣನೆಯ ನೀರಿನ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಪೋಷಕಾಂಶ ಕೆಳಗೇ ಉಳಿಯುತ್ತದೆ. ಅದಕ್ಕೇ ನೀರು ಅಷ್ಟು ತಿಳಿ. ಆದರೆ ಜೀವಿಗಳ ಒಟ್ಟು ತೂಕ ಕಡಿಮೆ ಅಂದ ಮಾತ್ರಕ್ಕೆ ಬಗೆಗಳು ಕಡಿಮೆ ಅಂತಲ್ಲ. ಸಾಗರಗಳನ್ನು ಸುತ್ತಿದ ಟಾರಾ ಸಂಶೋಧನಾ ಹಡಗಿನ ಮಾದರಿಗಳಲ್ಲಿ ಕಂಡದ್ದು ಉಲ್ಟಾ. ಹೆಚ್ಚಿನ ಪ್ಲಾಂಕ್ಟನ್ ಗುಂಪುಗಳಲ್ಲಿ ಧ್ರುವದ ಕಡೆ ಹೋದಷ್ಟೂ ವೈವಿಧ್ಯ ಇಳಿಯುತ್ತದೆ, ಬೆಚ್ಚಗಿನ ನೀರಲ್ಲಿ ಜಾಸ್ತಿ. ಇಷ್ಟು ಕಡಿಮೆ ಆಹಾರ ಹಂಚಿಕೊಂಡು ಇಷ್ಟೊಂದು ಬಗೆಗಳು ಹೇಗೆ ಒಟ್ಟಿಗೆ ಬದುಕುತ್ತವೆ ಅಂತ 1961ರಲ್ಲೇ ಪರಿಸರ ವಿಜ್ಞಾನಿ ಹಚಿನ್ಸನ್ ಕೇಳಿದ್ದರು. ಇವತ್ತಿಗೂ ಜನ ಅದಕ್ಕೆ ಉತ್ತರ ಬರೆಯುತ್ತಲೇ ಇದ್ದಾರೆ.

ಗಿರೀಶ: (ಫೋಟೊ: ರಾತ್ರಿ ನೀಲಿಯಾಗಿ ಹೊಳೆಯುವ ದಡ) ಹಾಗಾದರೆ ಇದೇನು? ವೈವಿಧ್ಯ ಅಂದರೆ ಇದು!

ಶೋಭಾ: ಅಯ್ಯೋ, ಇದು ತದ್ವಿರುದ್ಧ. ಇಂಥ ಹೊಳಪು ಹೆಚ್ಚಾಗಿ ಒಂದೇ ಕೋಶದ ಪ್ಲಾಂಕ್ಟನ್ ಆದ ಡೈನೊಫ್ಲಾಜೆಲೇಟ್‌ಗಳದ್ದು. ಯಾವುದೋ ಒಂದೇ ಜಾತಿ ವಿಪರೀತ ಹೆಚ್ಚಿ ಉಳಿದವನ್ನು ಮೂಲೆಗೆ ತಳ್ಳಿದಾಗಲೂ ಇಷ್ಟೇ ಚೆಂದ ಕಾಣುತ್ತದೆ. ಕೋಟಿ ಇದ್ದರೂ ಒಂದೇ ಜಾತಿಯಾದರೆ ಬಗೆಯ ಲೆಕ್ಕದಲ್ಲಿ ಒಂದು.

ರಫೀಕ್: ನನಗೆ ವಿಡಿಯೊದಲ್ಲಿ ಜಾಸ್ತಿ ಚುಚ್ಚಿದ್ದು ಬೇರೆ. ದ್ವೀಪದ ಯಾವ ಬದಿಯಲ್ಲಿ ಬಲೆ ಎಳೆದರು? ದ್ವೀಪ ಅಡ್ಡ ಬಂದರೆ ಹರಿವು ಸುಳಿಯುತ್ತದೆ, ಆಳದ ನೀರು ಮೇಲೇಳುತ್ತದೆ. ಮಳೆಗೆ ಮಣ್ಣು ತೊಳೆದು ಬರುತ್ತದೆ. ಹವಾಯಿಯಲ್ಲಿ ಡೋಟಿ ಮತ್ತು ಒಗುರಿ 1956ರಲ್ಲೇ ಇದನ್ನು ತೋರಿಸಿದ್ದರು, ದಡದ ಹತ್ತಿರ ಬಂದಷ್ಟೂ ಸಸ್ಯ ಪ್ಲಾಂಕ್ಟನ್ ಹೆಚ್ಚು ಅಂತ. 2016ರಲ್ಲಿ ಪೆಸಿಫಿಕ್‌ನ ಹವಳ ದ್ವೀಪಗಳನ್ನು ನೋಡಿದಾಗ 91% ಕಡೆ ಇದೇ ಕಂಡಿತು. ಮಾಲ್ಡೀವ್ಸ್‌ನಲ್ಲಿ ಮುಂಗಾರು ತಿರುಗಿದಂತೆ ಸಸ್ಯ ಪ್ಲಾಂಕ್ಟನ್ ಹೆಚ್ಚಿರುವ ಹಸಿರು ಬದಿಯೂ ತಿರುಗುತ್ತದೆ. ನೈಋತ್ಯ ಮುಂಗಾರಿನಲ್ಲಿ ಪೂರ್ವಕ್ಕೆ. ಅಲ್ಲಿನ ಹನಿಫಾರು ಕೊಲ್ಲಿಯಲ್ಲಿ ಮಾಂಟಾ ತೊರಕೆ ಮೀನುಗಳು ಆಗಲೇ ಗುಂಪುಗಟ್ಟುವುದು. ಅವು ತಿನ್ನುವುದು ಪ್ಲಾಂಕ್ಟನ್ ಅನ್ನೇ. ಸತ್ತ ನೀರಿಗೆ ಊಟಕ್ಕೆ ಬರುತ್ತವೆಯೇ?

ಮಂಜುಳಾ: ಹಕ್ಕಿ ಹಿಕ್ಕೆಯನ್ನು ನೀನು ಮರೆತೆ, ಅದೂ ನೀರಿಗೆ ಗೊಬ್ಬರ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಇಲಿ ಹೊಕ್ಕ ಕಡೆ ಕಡಲ ಹಕ್ಕಿಗಳು ಖಾಲಿ. ಇಲಿ ಇಲ್ಲದ ದ್ವೀಪಗಳ ಪಕ್ಕದ ದಿಬ್ಬಗಳಲ್ಲಿ ಮೀನಿನ ಒಟ್ಟು ತೂಕ 48% ಜಾಸ್ತಿ. 2018ರ ಅಧ್ಯಯನ. ಮೇಲಿನ ಹಕ್ಕಿಗೂ ಕೆಳಗಿನ ನೀರಿಗೂ ಅಷ್ಟು ಹತ್ತಿರದ ನಂಟು.

ಗಿರೀಶ: ಈಗ ಇಲಿಯೂ ಬಂತು. ಎರಡು ನಿಮಿಷದ ವಿಡಿಯೊಗೆ ನೀವು ಥೀಸಿಸ್ ಕೇಳುತ್ತಿದ್ದೀರಿ.

ಶೋಭಾ: ಥೀಸಿಸ್ ಬೇಡ ಮಾರಾಯ. ಬಲೆಯ ಕಣ್ಣು, ಹೊತ್ತು, ಜಾಗ ಒಂದೇ ಸಾಲಲ್ಲಿ ಹಾಕಬಹುದಿತ್ತು.

ಗಿರೀಶ: ಸರಿ, ಆ ವಿಡಿಯೊಗೆ ನೀನಾದರೆ ಏನು ಹೆಸರು ಕೊಡುತ್ತಿದ್ದೆ?

ಶೋಭಾ: "ನಮ್ಮ ಬಲೆಗೆ ಏನೂ ಬೀಳಲಿಲ್ಲ".

ಗಿರೀಶ: ಅದನ್ನು ಯಾರು ಒತ್ತುತ್ತಾರೆ? ನಾನಂತೂ ಡಿಲೀಟ್ ಮಾಡುವುದಿಲ್ಲ.